ತಡಿ, ತಡಿ, ಈಗ! ಪುಟ್ಟ ಮಕ್ಕಳಿಗಾಗಿ ಮನೆಯಲ್ಲೇ ಅನಿಮೇಷನ್ ಕುಣಿತದ ಕಥೆ ಮಾಡುವುದು ಹೇಗೆ?

ನಾನು ಮಾಡಿದ ಮೊದಲ ಅನಿಮೇಷನ್ ಕಥೆಯಲ್ಲಿ ಒಂದು ಆಮೆ ಇತ್ತು. ಸುಳ್ಳು ಹೇಳುವ ಆಮೆ. ಎರಡು ನಿಮಿಷ ಕುಣಿದು, ಸಿಕ್ಕಿಬಿದ್ದು, ಕೊನೆಗೆ ನಮ್ಮ ಕಡೆ ತಿರುಗಿ "ಮಕ್ಕಳೇ, ಯಾವಾಗಲೂ ನಿಜವನ್ನೇ ಹೇಳಬೇಕು" ಅನ್ನುತ್ತಿತ್ತು. ಕುಮಟಾದ ನಮ್ಮ ಮನೆಯ ಜಗಲಿಯಲ್ಲಿ ಕೇರಿಯ ಏಳು ಮಕ್ಕಳನ್ನು ಕೂರಿಸಿ ತೋರಿಸಿದೆ. ಆಮೆ ಉಪದೇಶ ಶುರುಮಾಡುವಷ್ಟರಲ್ಲಿ ಮೂವರು ನೀರು ಕುಡಿಯಲು ಎದ್ದಿದ್ದರು. ಉಳಿದವರನ್ನು "ಏನು ಕಲಿತಿರಿ?" ಎಂದು ಕೇಳಿದೆ. ನಾಲ್ಕು ವರ್ಷದ ಹುಡುಗಿಯೊಬ್ಬಳು ಎದ್ದು, ಆಮೆ ಸುಳ್ಳು ಹೇಳಿ ಓಡಿಹೋಗುವ ಹೆಜ್ಜೆಯನ್ನು ಒಂದಿಷ್ಟೂ ತಪ್ಪದೆ ಕುಣಿದು ತೋರಿಸಿದಳು.

ಅವಳು ಚೆನ್ನಾಗಿಯೇ ಕಲಿತಿದ್ದಳು. ಆಮೆಯ ಬಾಯಿ ಹೇಳಿದ್ದನ್ನು ಬಿಟ್ಟು ಆಮೆಯ ಕಾಲು ಹೇಳಿದ್ದನ್ನು ಕಲಿತಿದ್ದಳು, ಅಷ್ಟೇ.

ಮೂರರಿಂದ ಆರು ವರ್ಷದ ಮಕ್ಕಳಿಗೆ ಕುಣಿತದ ಕಥೆ ಮಾಡುವವರು ಇದೊಂದನ್ನು ತಲೆಯಲ್ಲಿಟ್ಟುಕೊಂಡರೆ ಅರ್ಧ ಕೆಲಸ ಮುಗಿಯಿತು. ಪಾಠ ಹೆಜ್ಜೆಯೊಳಗೇ ಇರಬೇಕು. ಕೊನೆಯ ಮಾತಿನಲ್ಲಿ ಅಂಟಿಸಿದರೆ ಅಂಟುವುದಿಲ್ಲ. ಆಮೆಯ ನಂತರ ನಾನು ಮಾಡಿದ್ದು ಏಡಿಯ ಕಥೆ. ಒಂದು ನಿಮಿಷದ್ದು. ಅದನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಮೊದಲಿನಿಂದ ಹೇಳುತ್ತೇನೆ. ರಟ್ಟಿನ ಗೊಂಬೆಯನ್ನು ಚೂರುಚೂರೇ ಸರಿಸುತ್ತ ಪ್ರತಿ ಸಲ ಒಂದು ಚಿತ್ರ ತೆಗೆಯುವುದು, ಆ ಚಿತ್ರಗಳನ್ನು ಸಾಲಾಗಿ ಓಡಿಸಿದರೆ ಗೊಂಬೆ ಕುಣಿದ ಹಾಗೆ ಕಾಣುತ್ತದೆ. ಬೇಕಾಗುವುದು ಒಂದು ಮೊಬೈಲು, ಹಳೇ ಮದುವೆ ಕಾಗದಗಳು, ಕತ್ತರಿ, ದಾರ, ಮತ್ತು ಮಕ್ಕಳು ಮಲಗಿದ ಮೇಲಿನ ಮೂರು ಸಂಜೆ.

ಪಾಠವನ್ನು ಕ್ರಿಯಾಪದ ಮಾಡಿಕೊಳ್ಳಿ

"ಪ್ರಾಮಾಣಿಕತೆ", "ಸಹನೆ", "ಔದಾರ್ಯ" ಇವನ್ನೆಲ್ಲ ಕುಣಿಯಲು ಆಗುವುದಿಲ್ಲ. ಮೈಯಿಂದ ಮಾಡಬಹುದಾದ ಒಂದು ಕೆಲಸ ಬೇಕು. ಸಹನೆ ಅನ್ನುವುದನ್ನು "ನನ್ನ ಪಾಳಿ ಬರುವ ತನಕ ಕೈ ಎತ್ತದೆ ಇರುವುದು" ಎಂದು ಬರೆದುಕೊಳ್ಳಿ. ಈಗ ಕುಣಿಯಬಹುದು. ಕೂಡಿ ಮಾಡುವುದನ್ನು "ಎಲ್ಲರೂ ಒಟ್ಟಿಗೆ ಹಿಂದಕ್ಕೆ ಎಳೆಯುವುದು" ಅಂದರೆ ನಮ್ಮ ಕಾರವಾರ ಕಡೆಯ ರಂಪಣಿ ಬಲೆ ಕಣ್ಣ ಮುಂದೆ ಬರುತ್ತದೆ. ದಡದಲ್ಲಿ ಸಾಲಾಗಿ ನಿಂತು ಹಗ್ಗ ಎಳೆಯುವಾಗ ಒಬ್ಬರ ಕಾಲು ಮುಂದೆ ಹೋದರೆ ಸಾಲೇ ಕೆಡುತ್ತದೆ. ಅದು ಆಗಲೇ ಅರ್ಧ ಕುಣಿತ. ಹಂಚಿ ತಿನ್ನುವುದು ಬೇಕಾದರೆ ದಾಂಡೇಲಿಯ ಮಂಗಟ್ಟೆ ಹಕ್ಕಿ ಇದೆ. ಹೆಣ್ಣು ಮಂಗಟ್ಟೆ ಮರದ ಪೊಟರೆಯೊಳಗೆ ಕೂತು ಪೊಟರೆಯ ಬಾಯಿಯನ್ನು ಮುಚ್ಚಿಕೊಳ್ಳುತ್ತದೆ. ಒಂದು ಸಣ್ಣ ಸೀಳು ಮಾತ್ರ ಉಳಿಯುತ್ತದೆ. ಗಂಡು ಹಣ್ಣು ತಂದು ಆ ಸೀಳಿನಲ್ಲಿ ಕೊಡುತ್ತದೆ. ಹಾರು, ತಾ, ಬಗ್ಗು, ಕೊಡು. ತಾಳದ ನಾಲ್ಕು ಪೆಟ್ಟಿಗೆ ನಾಲ್ಕು ಕೆಲಸ.

ಸುಳ್ಳು ಹೇಳಬಾರದು ಅನ್ನುವುದನ್ನು ಕುಣಿತಕ್ಕೆ ತರಲು ನನಗೆ ಇವತ್ತಿಗೂ ಆಗಿಲ್ಲ. ಅದು ಅಜ್ಜಿಯರ ಬಾಯಿಗೇ ಇರಲಿ.

ಒಂದು ಕಥೆಗೆ ಒಂದೇ ಪಾಠ. ಏಡಿಯ ಕಥೆಯಲ್ಲಿ ಕೈ ತೊಳೆಯುವುದನ್ನೂ ಸೇರಿಸಿಬಿಡೋಣ ಎಂದು ಯಾರಾದರೂ ಸಲಹೆ ಕೊಟ್ಟೇ ಕೊಡುತ್ತಾರೆ. ನಕ್ಕು ಸುಮ್ನಿರಿ.

ಕುಣಿಯುವವರನ್ನು ಹೊರಗೆ ಹೋಗಿ ಹುಡುಕಿ

ಅಘನಾಶಿನಿ ನದಿ ಶಿರಸಿಯ ಹತ್ತಿರ ಹುಟ್ಟಿ ತದಡಿಯಲ್ಲಿ ಸಮುದ್ರ ಸೇರುತ್ತದೆ. ಇಳಿತದ ಹೊತ್ತಿಗೆ ಅಲ್ಲಿಯ ಕೆಸರುಗದ್ದೆಯಂಥ ದಡದಲ್ಲಿ ಹೋಗಿ ಹತ್ತು ನಿಮಿಷ ಅಲ್ಲಾಡದೆ ನಿಂತರೆ ಒಂದು ಆಟ ಶುರುವಾಗುತ್ತದೆ. ಬಿಲಗಳಿಂದ ಸಣ್ಣ ಸಣ್ಣ ಏಡಿಗಳು ಹೊರಬರುತ್ತವೆ. ಗಂಡಿಗೆ ಒಂದು ಕೈ ಮೈಯಷ್ಟೇ ದೊಡ್ಡದು, ಇನ್ನೊಂದು ಚಿಕ್ಕದು. ಪಿಟೀಲು ಬಾರಿಸುವವರ ಹಾಗೆ ಕಾಣುವುದರಿಂದ ಫಿಡ್ಲರ್ ಏಡಿ ಎಂದು ಹೆಸರು. ಆ ದೊಡ್ಡ ಕೈಯನ್ನು ಎತ್ತಿ ಇಳಿಸಿ ಎತ್ತಿ ಇಳಿಸಿ ಕರೆಯುತ್ತಲೇ ಇರುತ್ತವೆ. ಹೆಣ್ಣಿಗೆ ಎರಡೂ ಕೈ ಚಿಕ್ಕವು. ಕಣ್ಣುಗಳು ಕಡ್ಡಿಯ ತುದಿಯಲ್ಲಿವೆ. ಅನಿಮೇಷನ್ ಮಾಡುವವರಿಗೆ ಇದಕ್ಕಿಂತ ದೊಡ್ಡ ಉಡುಗೊರೆ ಬೇಕಾ? ಮುಖ ಬರೆಯದೆಯೇ ಬರೀ ಕಣ್ಣಿನ ಕಡ್ಡಿ ಅಲ್ಲಾಡಿಸಿ ಹೆದರಿಕೆ, ಆಸೆ, ನಾಚಿಕೆ ಎಲ್ಲ ತೋರಿಸಬಹುದು.

ಹೋಗುವ ಮೊದಲು ಊರಿನವರನ್ನು ಕೇಳಿ ಹೋಗಿ. ಉಬ್ಬರದಿಂದ ಇಳಿತಕ್ಕೆ ಸುಮಾರು 6 ಗಂಟೆ. ದಿನಕ್ಕೆ 50 ನಿಮಿಷದಷ್ಟು ಹೊತ್ತು ಮುಂದಕ್ಕೆ ಹೋಗುತ್ತದೆ. ನಿನ್ನೆ ಸಂಜೆ 4ಕ್ಕೆ ಸಿಕ್ಕ ಕೆಸರು ಇವತ್ತು 4ಕ್ಕೆ ಅಷ್ಟು ಸಿಗುವುದಿಲ್ಲ. ಮಕ್ಕಳನ್ನು ಕರೆದುಕೊಂಡು ಹೋದರೆ ಚಪ್ಪಲಿ ಬಿಚ್ಚಲು ಬಿಡಬೇಡಿ, ಕೆಸರಿನಲ್ಲಿ ಕಲ್ವದ ಚಿಪ್ಪು ಇರುತ್ತದೆ. ವಿಡಿಯೊ ತೆಗೆದುಕೊಳ್ಳಿ. ಬಿಲದ ಸುತ್ತ ಏಡಿ ಉಗುಳಿಟ್ಟ ಮಣ್ಣಿನ ಉಂಡೆಗಳನ್ನೂ ನೋಡಿಕೊಳ್ಳಿ, ಹಿನ್ನೆಲೆ ಚಿತ್ರಕ್ಕೆ ಬೇಕಾಗುತ್ತವೆ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಕುಣಿತಕ್ಕೆ ಬರವಿಲ್ಲ. ಬಡಗುತಿಟ್ಟಿನ ಯಕ್ಷಗಾನ ಇದೆ, ಹಾಲಕ್ಕಿಯವರ ಸುಗ್ಗಿ ಕುಣಿತ ಇದೆ, ಸಿದ್ದಿಯರ ಡಮಾಮಿ ಇದೆ, ಶಿರಸಿಯಲ್ಲಿ ಹೋಳಿಯ ಹೊತ್ತಿಗೆ ಬೇಡರ ವೇಷ ಇದೆ. ಇವನ್ನು ನೇರವಾಗಿ ಕಾರ್ಟೂನು ಮಾಡುವುದು ನನಗೆ ಇಷ್ಟವಿಲ್ಲ. ಅವರ ಕುಣಿತ ಅವರದ್ದು. ಅದಕ್ಕೆ ಹೊತ್ತು ಗೊತ್ತು, ನೇಮ ಇದೆ. ಜೊತೆಗೆ ನಾಲ್ಕು ವರ್ಷದ ಮಗುವಿಗೆ ಕೆಲವು ವೇಷ ನಿಜಕ್ಕೂ ಹೆದರಿಕೆ ಹುಟ್ಟಿಸುತ್ತವೆ. ಬೇಡರ ವೇಷ ನೋಡಿ ನಾನೇ ಅಪ್ಪನ ಲುಂಗಿಯ ಹಿಂದೆ ಅಡಗಿದ್ದು ಇನ್ನೂ ನೆನಪಿದೆ. ಆದರೆ ಅವುಗಳಿಂದ ಕಲಿಯುವುದು ಬಹಳ ಇದೆ. ಅದು ಮುಂದೆ ಬರುತ್ತದೆ.

ಹೆಜ್ಜೆ ಮೊದಲು ನಿಮ್ಮ ಮೈಗೆ ಬರಲಿ

ಚಿತ್ರ ಬರೆಯುವ ಮೊದಲು ಎದ್ದು ನಿಂತು ಕುಣಿಯಿರಿ. ಬಾಗಿಲು ಹಾಕಿಕೊಂಡರೂ ಅಡ್ಡಿಯಿಲ್ಲ.

ನನ್ನ ಕಥೆ ಇಷ್ಟೇ. ನಾಲ್ಕು ಏಡಿಗಳು ಸಾಲಾಗಿ ನಿಂತಿವೆ. ಒಂದರ ನಂತರ ಒಂದು ದೊಡ್ಡ ಕೈ ಎತ್ತಬೇಕು. ಮೊದಲ ಪೆಟ್ಟಿಗೆ ಮೊದಲ ಏಡಿ, ಎರಡನೇ ಪೆಟ್ಟಿಗೆ ಎರಡನೆಯದು, ಹೀಗೆ. ಅಲೆ ಹೋದ ಹಾಗೆ ಕಾಣುತ್ತದೆ. ಮೂರನೇ ಏಡಿಗೆ ತಡೆಯಲು ಆಗುವುದಿಲ್ಲ. ಎರಡನೇ ಪೆಟ್ಟಿಗೇ ಕೈ ಎತ್ತಿ ಪಕ್ಕದವನ ಕೈಗೆ ಬಡಿಯುತ್ತದೆ. ಪಕ್ಕದವನು ಕೆಸರಿಗೆ ಬೀಳುತ್ತಾನೆ. ತಾಳ ನಿಲ್ಲುತ್ತದೆ. ಮೂರನೇ ಏಡಿ ತನ್ನ ಚಿಕ್ಕ ಕೈ ಕೊಟ್ಟು ಅವನನ್ನು ಎಬ್ಬಿಸುತ್ತದೆ. ಮತ್ತೆ ಶುರು. ಈ ಸಲ ಅದು ತನ್ನ ದೊಡ್ಡ ಕೈಯನ್ನು ಚಿಕ್ಕ ಕೈಯಿಂದ ಒತ್ತಿ ಹಿಡಿದುಕೊಳ್ಳುತ್ತದೆ. ಕಣ್ಣು ನಡುಗುತ್ತದೆ, ಮೈ ನಡುಗುತ್ತದೆ. ಮೂರನೇ ಪೆಟ್ಟಿಗೆ ಕೈ ಮೇಲೆ!

ಈ ಒತ್ತಿ ಹಿಡಿಯುವ ಹೆಜ್ಜೆಯೇ ಇಡೀ ಕಥೆ. ಉಳಿದದ್ದೆಲ್ಲ ಅದಕ್ಕೆ ದಾರಿ.

ಆಮೆಯ ತಪ್ಪಿನಿಂದ ಕಲಿತ ಇನ್ನೊಂದು ಸಂಗತಿ ಇಲ್ಲಿ ಹೇಳಲೇಬೇಕು. ತಪ್ಪು ಹೆಜ್ಜೆ ಚೆಂದ ಇರಬಾರದು. ಕಥೆ ಬರೆಯುವವರಿಗೆ ತುಂಟನ ಮೇಲೆಯೇ ಪ್ರೀತಿ ಜಾಸ್ತಿ. ಎಲ್ಲ ಒಳ್ಳೆಯ ಹೆಜ್ಜೆ ಅವನಿಗೇ ಕೊಟ್ಟುಬಿಡುತ್ತೇವೆ. ಮಕ್ಕಳು ಅದನ್ನೇ ಎತ್ತಿಕೊಳ್ಳುತ್ತಾರೆ. ಅದಕ್ಕೆ ಏಡಿಯ ತಪ್ಪು ಹೆಜ್ಜೆ ಒಂದೇ ಪೆಟ್ಟಿನಲ್ಲಿ ಮುಗಿಯುತ್ತದೆ, ಗಡಿಬಿಡಿಯಲ್ಲಿ. ಕಾಯುವ ಹೆಜ್ಜೆಗೆ ಎರಡು ಪೆಟ್ಟು, ಅದರಲ್ಲೇ ನಗು, ಅದರಲ್ಲೇ ಮಜಾ. ಮಗು ನಕಲು ಮಾಡಲು ಹೊರಟರೆ ಕಾಯುವುದನ್ನೇ ನಕಲು ಮಾಡಬೇಕು.

ಆಮೇಲೆ ಒಂದಿಬ್ಬರು ಮಕ್ಕಳ ಹತ್ತಿರ ಇದನ್ನು ಮಾಡಿಸಿ ನೋಡಿ. ಅವರಿಗೆ ಕಷ್ಟವಾದರೆ ಹೆಜ್ಜೆ ಬದಲಿಸಿ. ನಾನು ಮೊದಲು ಒಂಟಿಕಾಲಲ್ಲಿ ಕಾಯುವ ಹೆಜ್ಜೆ ಇಟ್ಟಿದ್ದೆ. ಮೂರು ವರ್ಷದವರು ಪಟಪಟ ಬಿದ್ದರು. ವಿಡಿಯೊ ತೆಗೆಯುವುದಿದ್ದರೆ ಅವರ ಅಪ್ಪ-ಅಮ್ಮನನ್ನು ಕೇಳಿ. ನೋಡಿಕೊಂಡು ಕೆಲಸ ಮುಗಿದ ಮೇಲೆ ಅಳಿಸಿಬಿಡಿ.

ತಾಳದ ಲೆಕ್ಕ: ಇಲ್ಲಿ ಅವಸರ ಬೇಡ

ಹೆಚ್ಚಿನವರು ಚಿತ್ರ ಮೊದಲು ಮಾಡಿ ಕೊನೆಗೆ ಹಾಡು ಸೇರಿಸುತ್ತಾರೆ. ಕುಣಿತದ ಕಥೆಗೆ ಅದು ಉಲ್ಟಾ. ಹಾಡು ಮೊದಲು, ಚಿತ್ರ ಆಮೇಲೆ. ಭಾಗವತರು ತಾಳ ಹಾಕದೆ ವೇಷ ಹೆಜ್ಜೆ ಇಡುತ್ತದಾ? ಹಾಗೆಯೇ ಇದೂ.

ನಾನು ಇಟ್ಟುಕೊಂಡ ಲೆಕ್ಕ ಹೀಗಿದೆ. ಸೆಕೆಂಡಿಗೆ 12 ಚಿತ್ರ. ನಿಮಿಷಕ್ಕೆ 90 ಪೆಟ್ಟು. ಆಗ ಒಂದು ಪೆಟ್ಟಿಗೆ ಸರಿಯಾಗಿ 8 ಚಿತ್ರ ಬರುತ್ತದೆ, ಚಿಲ್ಲರೆ ಉಳಿಯುವುದಿಲ್ಲ. ನಾಲ್ಕು ಪೆಟ್ಟಿನ ಒಂದು ಆವರ್ತಕ್ಕೆ 32 ಚಿತ್ರ. ನಿಮಿಷಕ್ಕೆ 120 ಪೆಟ್ಟು ಇಟ್ಟರೆ ಪೆಟ್ಟಿಗೆ 6 ಚಿತ್ರ, ಅದೂ ಆಗುತ್ತದೆ, ಆದರೆ ಚಿಕ್ಕ ಮಕ್ಕಳ ಕಾಲಿಗೆ ಅದು ಓಟ. 100 ಪೆಟ್ಟು ಇಟ್ಟರೆ ಪೆಟ್ಟಿಗೆ 7.2 ಚಿತ್ರ. ಹತ್ತನೇ ಪೆಟ್ಟಿಗೆ ಬರುವಷ್ಟರಲ್ಲಿ ಏಡಿ ಎಲ್ಲೋ, ತಾಳ ಎಲ್ಲೋ. ಇದನ್ನು ನಾನು ಮಾಡಿ ಅನುಭವಿಸಿದ್ದೇನೆ, ನೀವು ಮಾಡಬೇಡಿ.

ನಮ್ಮ ಕಥೆ 22 ಆವರ್ತ. ಅಂದರೆ 88 ಪೆಟ್ಟು, 704 ಚಿತ್ರ, ಒಂದು ನಿಮಿಷಕ್ಕೆ ತುಸು ಕಡಿಮೆ. ಹಂಚಿದ್ದು ಹೀಗೆ: ಮೊದಲ 3 ಆವರ್ತ ಏಡಿಗಳು ಬಿಲದಿಂದ ಬರುವುದು. 4 ಆವರ್ತ ಎಲ್ಲರೂ ಒಟ್ಟಿಗೆ ಅಡ್ಡ ಹೆಜ್ಜೆ. 3 ಆವರ್ತ ಕೈ ಎತ್ತುವ ಆಟ, ಅದು ಕೆಡುವುದು. 3 ಆವರ್ತ ಮೌನ ಮತ್ತು ಎಬ್ಬಿಸುವುದು. 4 ಆವರ್ತ ಕಾಯುವುದು, ಗೆಲ್ಲುವುದು. ಕೊನೆಯ 5ರಲ್ಲಿ 4 ಮತ್ತೆ ಅಡ್ಡ ಹೆಜ್ಜೆ, ಒಂದರಲ್ಲಿ ನೀರು ಏರಿ ಎಲ್ಲರೂ ಬಿಲಕ್ಕೆ ಹೋಗಿ ಮಣ್ಣಿನಿಂದ ಬಾಗಿಲು ಮುಚ್ಚಿಕೊಳ್ಳುವುದು. ನಿಜದ ಏಡಿಗಳೂ ಉಬ್ಬರದ ಹೊತ್ತಿಗೆ ಬಿಲದ ಬಾಯಿ ಮುಚ್ಚಿಕೊಳ್ಳುತ್ತವೆ.

704 ಎಂದು ಹೆದರಬೇಡಿ. ಅಡ್ಡ ಹೆಜ್ಜೆಯ ಆವರ್ತ ಒಟ್ಟು 8 ಸಲ ಬರುತ್ತದೆ. ಅದರ 32 ಚಿತ್ರ ಒಮ್ಮೆ ತೆಗೆದು ಮತ್ತೆ ಮತ್ತೆ ಅಂಟಿಸಿದರಾಯಿತು. ಆಗ ನಿಜವಾಗಿ ತೆಗೆಯಬೇಕಾದ್ದು 480. ಒಂದು ಸಂಜೆಗೆ 160ರ ಹಾಗೆ ಮೂರು ಸಂಜೆ.

ಹಾಡು ಸ್ವಂತದ್ದೇ ಇರಲಿ. ಸಿನಿಮಾ ಹಾಡು ಹಾಕಿದರೆ ಹಕ್ಕಿನ ತಕರಾರು ಬರುತ್ತದೆ. ಯಾವುದಾದರೂ ಸಮುದಾಯದ ಹಾಡು ಬೇಕೆನಿಸಿದರೆ ಹಾಡುವವರನ್ನೇ ಹೋಗಿ ಕೇಳಿ, ಅವರಿಂದಲೇ ಹಾಡಿಸಿ, ಅವರ ಹೆಸರು ಹಾಕಿ. ಅಂಕೋಲಾದ ಸುಕ್ರಿ ಬೊಮ್ಮಗೌಡ ಅವರಿಗೆ 2017ರಲ್ಲಿ ಪದ್ಮಶ್ರೀ ಬಂದಿದ್ದು ಹಾಲಕ್ಕಿ ಹಾಡುಗಳನ್ನು ಜೀವಮಾನವಿಡೀ ಕಾಪಾಡಿಕೊಂಡು ಬಂದಿದ್ದಕ್ಕೆ. ಅಂಥ ಹಾಡನ್ನು ಮೊಬೈಲಿನಿಂದ ಕತ್ತರಿಸಿ ಏಡಿಗೆ ಅಂಟಿಸುವುದು ಸರಿಯಲ್ಲ.

ನನ್ನ ಹಾಡಿನಲ್ಲಿ ಇರುವುದೇ ನಾಲ್ಕು ಮಾತು, ಮೂರನೇ ಏಡಿಯ ಬಾಯಲ್ಲಿ: "ತಡಿ, ತಡಿ, ಈಗ, ಹೋ!" ಪೆಟ್ಟಿಗೊಂದು. ಮೂರನೆಯದರ ಪಾಳಿ ಮೂರನೇ ಪೆಟ್ಟಿಗೆ ಬರುತ್ತದಲ್ವಾ, ಅದಕ್ಕೆ "ಈಗ" ಅಲ್ಲಿ ಕೂತಿದೆ. ತಾಳಕ್ಕೆ ಗುಮಟೆ ಸಿಕ್ಕರೆ ಬಹಳ ಚೆಂದ. ಮಣ್ಣಿನ ಮಡಕೆಯ ಬಾಯಿಗೆ ಚರ್ಮ ಬಿಗಿದ ವಾದ್ಯ. ಮೊದಲು ಉಡದ ಚರ್ಮ ಹಾಕುತ್ತಿದ್ದರು, ಉಡ ಬೇಟೆ ಅಪರಾಧವಾದ್ದರಿಂದ ಈಗ ಮೇಕೆಯ ಚರ್ಮ. ನನಗೆ ಗುಮಟೆ ಸಿಗಲಿಲ್ಲ. ಹಿತ್ತಾಳೆ ಕೊಡಪಾನ ಬೋರಲು ಹಾಕಿ ಬಾರಿಸಿದೆ. ಯಾರಿಗೂ ಗೊತ್ತಾಗಲಿಲ್ಲ.

ಧ್ವನಿ ಹಿಡಿಯುವಾಗ ಕಿವಿಗೆ ಇಯರ್‌ಫೋನ್ ಹಾಕಿ ಟಿಕ್ ಟಿಕ್ ಎಂದು ಪೆಟ್ಟು ಕೊಡುವ ಮೆಟ್ರೊನೋಮ್ ಆ್ಯಪಿನಲ್ಲಿ 90 ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಹಂಚಿನ ಮಾಡಿನ ಕೆಳಗೆ ರೆಕಾರ್ಡಿಂಗ್ ಆಗುವ ಮಾತೇ ಇಲ್ಲ. ಬಟ್ಟೆ ತುಂಬಿದ ಕಪಾಟಿನ ಬಾಗಿಲು ತೆರೆದು ಅದರೊಳಗೆ ತಲೆ ಹಾಕಿ ಹಾಡಿ. ನಗಬೇಡಿ, ಕೆಲಸ ಮಾಡುತ್ತದೆ. ಬಟ್ಟೆ ಪ್ರತಿಧ್ವನಿಯನ್ನು ನುಂಗುತ್ತದೆ.

ಗೊಂಬೆ ಕತ್ತರಿಸುವುದು

ಹಳೇ ಮದುವೆ ಕಾಗದದಷ್ಟು ಒಳ್ಳೆಯ ರಟ್ಟು ಅಂಗಡಿಯಲ್ಲಿ ಸಿಗುವುದಿಲ್ಲ. ಎಲ್ಲ ಮನೆಯಲ್ಲೂ ಒಂದು ಕಟ್ಟು ಇದ್ದೇ ಇರುತ್ತದೆ. ದೇವರ ಚಿತ್ರ ಇರುವ ಭಾಗ ಬಿಟ್ಟು ಉಳಿದದ್ದು ಕತ್ತರಿಸಿ.

ಏಡಿಯ ಮೈ 5 ಸೆಂ.ಮೀ. ಅಗಲ, ದೊಡ್ಡ ಕೈ 4 ಸೆಂ.ಮೀ. ಡ್ರಾಯಿಂಗ್ ಹಾಳೆಯ ಎ3 ಅಳತೆಯಲ್ಲಿ ನಾಲ್ಕು ಏಡಿ ಆರಾಮಾಗಿ ನಿಲ್ಲುತ್ತವೆ. ದೊಡ್ಡ ಕೈ ಎರಡು ತುಂಡು: ತೋಳು ಮತ್ತು ಇಕ್ಕಳ. ಎರಡೂ ಕಡೆ ಗಂಟು ಹಾಕಿದ ದಪ್ಪ ದಾರದಿಂದ ಕೀಲು ಮಾಡಿ. ತಳ್ಳಿದರೆ ತಿರುಗಬೇಕು, ಬಿಟ್ಟರೆ ಅಲ್ಲೇ ನಿಲ್ಲಬೇಕು. ಸಡಿಲವಾದರೆ ಉಸಿರಿಗೇ ಅಲ್ಲಾಡುತ್ತದೆ. ಕಣ್ಣು ಮಾತ್ರ ಅಂಟಿಸಬೇಡಿ. ನಿಂತ ಕಣ್ಣು, ಬಾಗಿದ ಕಣ್ಣು, ಮುಚ್ಚಿದ ಕಣ್ಣು ಎಂದು ಮೂರು ಜೊತೆ ಮಾಡಿಟ್ಟುಕೊಂಡು ಬೇಕಾದಾಗ ಬದಲಿಸಿ.

ಏಡಿಗೆ ನಡೆಯುವ ಕಾಲು ಎಂಟು. ನಾನು ಸೋಮಾರಿತನದಿಂದ ಆರು ಹಾಕಿದ್ದೆ. ದೊಡ್ಡವರು ಯಾರೂ ಗಮನಿಸಲಿಲ್ಲ. ಐದು ವರ್ಷದವನೊಬ್ಬ ಎಣಿಸಿಬಿಟ್ಟ. ಇನ್ನೊಬ್ಬಳು "ಹೆಣ್ಣೇಡಿ ಎಲ್ಲಿ?" ಎಂದು ಕೇಳಿದಳು. ದೊಡ್ಡ ಕೈ ಇರುವುದೇ ಗಂಡಿಗೆ, ಸಾಲಿನಲ್ಲಿ ಹೆಣ್ಣನ್ನು ಹೇಗೆ ನಿಲ್ಲಿಸುವುದು? ಕೊನೆಗೆ ಮೂಲೆಯಲ್ಲಿ ಗುಮಟೆ ಬಾರಿಸುವ ಕೆಲಸ ಅವಳಿಗೆ ಕೊಟ್ಟೆ. ಎರಡು ಕೈಯೂ ಸಮ ಇರುವುದು ಅವಳಿಗೇ ತಾನೆ. ತಾಳ ಅವಳ ಕೈಯಲ್ಲಿ, ತಾಳ ನಿಲ್ಲಿಸುವುದೂ ಅವಳೇ. ಮಗುವಿನ ಪ್ರಶ್ನೆಯಿಂದ ಕಥೆ ಉತ್ತಮವಾಯಿತು.

ಜೂನ್ ನಂತರ ಈ ಕೆಲಸಕ್ಕೆ ಕೂತರೆ ರಟ್ಟು ಹಪ್ಪಳದ ಹಾಗೆ ಸುರುಳಿಯಾಗುತ್ತದೆ. ಹಿಂಬದಿಗೆ ಅಗಲದ ಪ್ಲಾಸ್ಟಿಕ್ ಟೇಪು ಹಚ್ಚಿ. ರಾತ್ರಿ ಅಕ್ಕಿ ಡಬ್ಬಿಯ ಕೆಳಗೆ ಒತ್ತಿಡಿ. ಹಿನ್ನೆಲೆಗೆ ನಾನು ಅಡಿಕೆ ಹಾಳೆಯನ್ನು ನೆನೆಸಿ ಚಪ್ಪಟೆ ಮಾಡಿ ಹಾಸಿದೆ. ಅದರ ಬಣ್ಣ, ಗೆರೆ ಎರಡೂ ಇಳಿತದ ಕೆಸರಿನ ಹಾಗೆಯೇ ಕಾಣುತ್ತದೆ. ಘಟ್ಟದ ಮೇಲಿನ ತವರಿಂದ ಒಂದು ಕಟ್ಟು ಹಾಳೆ ತರಿಸಿದಾಗ ನಮ್ಮನೆಯವರು ಊಟಕ್ಕೆ ಜನ ಬರುತ್ತಾರಾ ಎಂದು ಕೇಳಿದ್ದರು.

ಮೊಬೈಲು, ಬೆಳಕು

ಮೊಬೈಲನ್ನು ಮೇಲಿನಿಂದ ಕೆಳಗೆ ನೋಡುವ ಹಾಗೆ ಕಟ್ಟಬೇಕು. ಎರಡು ಸ್ಟೂಲಿನ ನಡುವೆ ಒಂದು ಹಲಗೆ, ಹಲಗೆಯ ಅಂಚಿನಿಂದ ಕ್ಯಾಮೆರಾ ಹೊರಗೆ. ಹಾಳೆಯಿಂದ ಒಂದೂಕಾಲು ಅಡಿ ಎತ್ತರ ಸಾಕು. ಮೊಬೈಲನ್ನು ರಬ್ಬರ್ ಬ್ಯಾಂಡಿನಿಂದ ಬಿಗಿಯಿರಿ. ಬಟನ್ ಒತ್ತುವಾಗ ಅಲ್ಲಾಡುತ್ತದೆ, ಅದಕ್ಕೆ ಇಯರ್‌ಫೋನಿನ ವಾಲ್ಯೂಮ್ ಬಟನ್ ಬಳಸಿ. ಬಹಳಷ್ಟು ಫೋನುಗಳಲ್ಲಿ ಅದು ಚಿತ್ರ ತೆಗೆಯುತ್ತದೆ.

ಆ್ಯಪು ಸ್ಟಾಪ್ ಮೋಷನ್ ಸ್ಟುಡಿಯೊ. ಉಚಿತ ಆವೃತ್ತಿ ಇಷ್ಟಕ್ಕೆ ಸಾಕು. ಸೆಕೆಂಡಿಗೆ ಎಷ್ಟು ಚಿತ್ರ ಎಂಬುದನ್ನು 12ಕ್ಕೆ ಇಡಿ. ಹಿಂದಿನ ಚಿತ್ರ ನೆರಳಿನ ಹಾಗೆ ಕಾಣುವ ಸೌಲಭ್ಯ ಅದರಲ್ಲಿದೆ, ಅದನ್ನು ಹಾಕಿಕೊಳ್ಳಿ. ಏಡಿ ಎಷ್ಟು ಸರಿಯಿತು ಎಂದು ಅದರಿಂದಲೇ ಗೊತ್ತಾಗುವುದು.

ಕಿಟಕಿಯ ಬೆಳಕು ನಂಬಬೇಡಿ. ಒಂದು ಮೋಡ ಹೋದರೆ ಹತ್ತು ಚಿತ್ರ ಕಪ್ಪು. ರಾತ್ರಿ ಕೂತು ಎರಡು ಕಡೆಯಿಂದ ಎರಡು ಎಲ್‌ಇಡಿ ಬಲ್ಬು ಹಾಕಿ. ಹಳೇ ಚೋಕಿನ ಟ್ಯೂಬ್‌ಲೈಟ್ ಬೇಡವೇ ಬೇಡ. ನಮ್ಮ ಕರೆಂಟು 50 ಹರ್ಟ್ಸ್, ಆ ಬೆಳಕು ಸೆಕೆಂಡಿಗೆ 100 ಸಲ ಹೆಚ್ಚು ಕಡಿಮೆಯಾಗುತ್ತಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಕ್ಯಾಮೆರಾಕ್ಕೆ ಕಾಣುತ್ತದೆ. ಫೋಕಸ್ ಮತ್ತು ಬೆಳಕನ್ನು ಲಾಕ್ ಮಾಡಿ. ಕೈಯಾರೆ ಹೊಂದಿಸಲು ಬಂದರೆ ಶಟರ್ ವೇಗ 50ರಲ್ಲಿ ಒಂದು ಅಥವಾ 100ರಲ್ಲಿ ಒಂದು ಸೆಕೆಂಡಿಗೆ ಇಡಿ. ಬಿಳಿ ಅಂಗಿ ಹಾಕಿಕೊಂಡು ಬಗ್ಗಬೇಡಿ, ನೀವು ಬಗ್ಗಿದಾಗಲೆಲ್ಲ ಹಾಳೆ ಬೆಳಗುತ್ತದೆ. ಮಿಣುಕು ಬರೀ ಚೆಂದದ ವಿಷಯ ಅಲ್ಲ. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಪಕಪಕ ಮಿಂಚುವ ಚಿತ್ರ ಕೆಲವು ಮಕ್ಕಳಲ್ಲಿ ಫಿಟ್ಸ್ ತರಬಹುದು. ಅಂಥ ತುಣುಕು ಬಂದರೆ ಮತ್ತೆ ತೆಗೆಯಿರಿ.

ಕರೆಂಟು ಹೋದರೆ? ಹೋಗುತ್ತದೆ. ಏಡಿಗಳನ್ನು ಮುಟ್ಟದೆ ಎದ್ದು ಹೋಗಿ ಚಹಾ ಮಾಡಿ ಕುಡಿಯಿರಿ. ಬೆಕ್ಕನ್ನು ಮಾತ್ರ ಹೊರಗೆ ಹಾಕಿ.

ಕುಣಿಸುವುದು

ಇಲ್ಲಿ ಯಕ್ಷಗಾನ ಸಹಾಯಕ್ಕೆ ಬರುತ್ತದೆ. ಹೊನ್ನಾವರದ ಹತ್ತಿರ ಗುಣವಂತೆಯಲ್ಲಿ ಕೆರೆಮನೆ ಮೇಳ 1934ರಿಂದ ಇದೆ. ಅಲ್ಲಿಯದೋ ನಿಮ್ಮೂರಿನದೋ ಒಂದು ಆಟಕ್ಕೆ ಹೋಗಿ, ಕಥೆ ಬಿಟ್ಟು ಬರೀ ಮೊಣಕಾಲು ನೋಡುತ್ತ ಕೂರಿ. ವೇಷ ಹಾರುವ ಮುಂಚೆ ಮಂಡಿ ಬಗ್ಗುತ್ತದೆ. ಎಡಕ್ಕೆ ಹೋಗುವ ಮುಂಚೆ ಮೈ ಒಂದಿಷ್ಟು ಬಲಕ್ಕೆ ವಾಲುತ್ತದೆ. ಧೀಂಗಣ, ಅಂದರೆ ಸುತ್ತಿ ಹಾರುವ ರಭಸದ ಕುಣಿತ, ಮುಗಿದ ಮೇಲೆ ಕಾಲು ನಿಂತರೂ ಬಟ್ಟೆ, ಗೆಜ್ಜೆ ಇನ್ನೊಂದು ಕ್ಷಣ ಆಡುತ್ತವೆ. ಅನಿಮೇಷನ್ ಕಲಿಸುವವರು ಹೇಳಿಕೊಡುವುದೂ ಇದನ್ನೇ.

ಏಡಿ ಕೈ ಎತ್ತುವ ಒಂದು ಪೆಟ್ಟಿನ 8 ಚಿತ್ರ ಹೀಗೆ ಹಂಚಿ. ಮೊದಲ 2ರಲ್ಲಿ ಕೈ ಕೆಳಗೆ ಹೋಗಲಿ, ಮೈ ಕುಗ್ಗಲಿ. ಮುಂದಿನ 2ರಲ್ಲಿ ಒಮ್ಮೆಲೇ ಮೇಲೆ. ಆಮೇಲೆ 2 ಮೇಲೆಯೇ ನಿಲ್ಲಲಿ. ಕೊನೆಯ 2ರಲ್ಲಿ ಇಳಿಯಲಿ. ಎಲ್ಲ ಎಂಟರಲ್ಲೂ ಸಮಸಮ ಸರಿಸಿದರೆ ಏಡಿ ಗಡಿಯಾರದ ಮುಳ್ಳಿನ ಹಾಗೆ ಕಾಣುತ್ತದೆ. ಕೈ ತುದಿಗೆ ಮುಟ್ಟುವ ಚಿತ್ರ ತಾಳದ ಸದ್ದಿಗಿಂತ ಒಂದು ಚಿತ್ರ ಮೊದಲೇ ಬಂದರೆ ಕಣ್ಣಿಗೆ ಸರಿ ಕೂರುತ್ತದೆ. ಅದಕ್ಕೆ ಕೊನೆಯಲ್ಲಿ ಹಾಡನ್ನು ಹಿಂದೆ ಮುಂದೆ ಸರಿಸಿ ನೋಡಿಕೊಳ್ಳಿ.

ಬಿಲದಿಂದ ಬರುವ ಮೊದಲ 3 ಆವರ್ತ ನನ್ನ ಪ್ರಕಾರ ಒಡ್ಡೋಲಗ, ಅಂದರೆ ವೇಷಗಳು ಮೊದಲ ಸಲ ರಂಗಕ್ಕೆ ಬರುವ ಕುಣಿತ. ತೆರೆಯ ಹಿಂದಿನಿಂದ ವೇಷ ಹೇಗೆ ಒಮ್ಮೆಲೇ ಕಾಣಿಸಿಕೊಳ್ಳುವುದಿಲ್ಲವೋ ಹಾಗೆ, ಮೊದಲು ಬರೀ ಕಣ್ಣಿನ ಕಡ್ಡಿ. ಮತ್ತೆ ಮುಳುಗು. ಮತ್ತೆ ಕಣ್ಣು. ಆಮೇಲೆ ದೊಡ್ಡ ಕೈ. ಮಕ್ಕಳು ಇಲ್ಲಿಯೇ ನಗಲು ಶುರುಮಾಡುತ್ತಾರೆ.

ಬಿದ್ದ ಮೇಲಿನ ಮೌನಕ್ಕೆ ಒಂದು ಇಡೀ ಆವರ್ತ ಕೊಡಿ. ಎರಡೂವರೆ ಸೆಕೆಂಡಿಗಿಂತ ತುಸು ಜಾಸ್ತಿ. ಕೊಡಪಾನವೂ ಇಲ್ಲ, ಹಾಡೂ ಇಲ್ಲ. ಎಡಿಟ್ ಮಾಡುವಾಗ ಇದು ಉದ್ದವಾಯಿತು, ಕತ್ತರಿಸೋಣ ಅನಿಸುತ್ತದೆ. ಕತ್ತರಿಸಬೇಡಿ. ಮಗು ಬಿದ್ದವನನ್ನು ನೋಡುವುದೇ ಆ ಹೊತ್ತಿನಲ್ಲಿ. "ಕ್ಷಮಿಸು" ಎಂಬ ಮಾತನ್ನೂ ಹಾಕಬೇಡಿ. ಚಿಕ್ಕ ಕೈ ಮುಂದೆ ಬರುವುದು ಸಾಕು.

ಇನ್ನು ಕಾಯುವ 16 ಚಿತ್ರಗಳು. ಎರಡು ಪೆಟ್ಟು. ನನ್ನ ಒಂದು ಇಡೀ ಗಂಟೆ ಇದಕ್ಕೇ ಹೋಯಿತು. ಮೈ ಜಾಗ ಬಿಡಬಾರದು. ದೊಡ್ಡ ಕೈ ಒಂದು ಕೂದಲಿನಷ್ಟು ಮೇಲೆ, ಒಂದು ಕೂದಲಿನಷ್ಟು ಕೆಳಗೆ. ಕಣ್ಣು ಒಮ್ಮೆ ಪಕ್ಕದವನ ಕಡೆ, ಒಮ್ಮೆ ಗುಮಟೆಯ ಕಡೆ. 13ನೇ ಚಿತ್ರದಲ್ಲಿ ಕಣ್ಣು ಗಟ್ಟಿಯಾಗಿ ಮುಚ್ಚಿದೆ. 16ರ ತನಕ ಹಾಗೇ ಇದೆ. ನಂತರ "ಈಗ!" ಎಂದು ಕಣ್ಣೂ ಕೈಯೂ ಒಟ್ಟಿಗೆ ಮೇಲೆ.

ಈಗೆಲ್ಲ ಎಐ ಒಂದು ನಿಮಿಷದಲ್ಲಿ ಮಾಡಿಕೊಡುತ್ತದೆ ಎಂದು ನಮ್ಮ ಮನೆಯಲ್ಲೂ ಹೇಳಿದರು. ಕೇಳಿ ನೋಡಿದೆ. ಹೊಳೆಯುವ ಏಡಿ ಬಂತು, ಕುಣಿಯಿತು. ಆದರೆ ಎರಡನೇ ಪೆಟ್ಟಿನಲ್ಲಿ ತಡಿ, ಮೂರಕ್ಕೆ ಎತ್ತು ಎಂದರೆ ಅದರ ಕೈ ತನಗೆ ಬೇಕಾದಾಗ ಏಳುತ್ತಿತ್ತು. ಕಾಯಲು ಬಾರದ ಏಡಿಯಿಂದ ಕಾಯುವ ಪಾಠ ಹೇಗೆ ಮಾಡಿಸುವುದು?

ಜೋಡಿಸಿ ತೋರಿಸುವುದು

ಚಿತ್ರಗಳನ್ನು ವಿಡಿಯೊ ಮಾಡಿಕೊಂಡು ಇನ್‌ಶಾಟ್‌ನಂಥ ಯಾವುದಾದರೂ ಆ್ಯಪಿನಲ್ಲಿ ಹಾಡಿನ ಜೊತೆ ಸೇರಿಸಿ. ಇದರಲ್ಲಿ ಹೇಳುವಂಥದ್ದೇನಿಲ್ಲ. ಮೇಲೆ ಅಕ್ಷರ, ಹೃದಯ, ನಕ್ಷತ್ರ ಹಾಕಬೇಡಿ, ಓದಲು ಬಾರದ ಮಕ್ಕಳಿಗೆ ಅವು ಬರೀ ಕಸ.

ತೋರಿಸುವಾಗ ನೀವು ಪರದೆ ನೋಡಬೇಡಿ. ಮಕ್ಕಳ ಕೈ ನೋಡಿ. ಯಾವ ಜಾಗದಲ್ಲಿ ಕೈ ಏಳುತ್ತದೆ, ಎಲ್ಲಿ ಕಣ್ಣು ಬಾಗಿಲ ಕಡೆ ಹೋಗುತ್ತದೆ ಎಂದು ಗುರುತು ಮಾಡಿಕೊಳ್ಳಿ. ನನ್ನ ಮೊದಲ ಪ್ರದರ್ಶನದಲ್ಲಿ ಎಲ್ಲರೂ "ತಡಿ" ಎನ್ನುವ ಜಾಗದಲ್ಲೇ "ಈಗ" ಎಂದು ಕೂಗಿ ಕೈ ಎತ್ತಿದರು. ಎರಡನೇ ಸಲ ಅರ್ಧ ಮಕ್ಕಳು. ನಾಲ್ಕನೇ ಸಲ ಆ ಹಳೇ ಆಮೆಯ ಹುಡುಗಿ ಎದ್ದು ನಿಂತು, ಮುಂಚೆ ಕೈ ಎತ್ತಿದ ತಮ್ಮನಿಗೆ "ಏ, ನಿನ್ ಪಾಳಿ ಅಲ್ಲ ಮಾರಾಯಾ, ತಡಿ!" ಎಂದು ಬೈದಳು.

ಐದಾರು ಸಲಕ್ಕಿಂತ ಹೆಚ್ಚು ಹಾಕಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು, ಎರಡು ವರ್ಷ ತುಂಬದವರಿಗೆ ಪರದೆ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆ ಆದಷ್ಟೂ ಒಳ್ಳೆಯದು ಎಂದು. ಮೊಬೈಲು ಒಳಗಿಟ್ಟು ಕೊಡಪಾನ ಹೊರಗೆ ತನ್ನಿ. ನಾಲ್ವರನ್ನು ಸಾಲಾಗಿ ನಿಲ್ಲಿಸಿ, ನೀವು ತಾಳ ಹಾಕಿ. ಮೂರನೇ ಜಾಗಕ್ಕೆ ಜಗಳ ಶುರುವಾಗುತ್ತದೆ. ಆ ಜಾಗಕ್ಕೂ ಪಾಳಿ ಹಚ್ಚಿ.

ಯೂಟ್ಯೂಬಿಗೆ ಹಾಕುವುದಿದ್ದರೆ "ಮಕ್ಕಳಿಗಾಗಿ ಮಾಡಿದ್ದು" ಎಂದು ಗುರುತು ಮಾಡಲೇಬೇಕು. 2020ರಿಂದ ಅದು ಕಡ್ಡಾಯ. ಹಾಗೆ ಗುರುತಿಸಿದ ವಿಡಿಯೊಗಳಿಗೆ ಕಮೆಂಟು ಇರುವುದಿಲ್ಲ. ಹೊಗಳಿಕೆ ಬೇಕಾದವರು ಕೇರಿಯ ಜಗಲಿಯಲ್ಲೇ ತೋರಿಸುವುದು ಉತ್ತಮ.

ಗೊಂಬೆಗಳನ್ನು ಎಸೆಯಬೇಡಿ. ಬಿಸ್ಕತ್ತಿನ ಡಬ್ಬಿಯಲ್ಲಿ ಒಂದು ಮುಷ್ಟಿ ಅಕ್ಕಿಯ ಜೊತೆ ಹಾಕಿಟ್ಟರೆ ಮಳೆಗಾಲ ದಾಟುತ್ತವೆ. ನನ್ನ ಡಬ್ಬಿಯಲ್ಲಿ ಮೂರು ಏಡಿ ಹೊಸದರ ಹಾಗೆಯೇ ಇವೆ. ಮೂರನೇ ಏಡಿಯ ದೊಡ್ಡ ಕೈ ಮಾತ್ರ ಈಗ ನಾಲ್ಕನೆಯದು. ಬರುವ ಮಕ್ಕಳೆಲ್ಲ ಅದನ್ನೇ ಎತ್ತಿ ನೋಡುತ್ತಾರೆ.